ಕೋಲು ಹಿಡಿಸಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಬಟ್ಟೆ ಒಗೆಯುವ ಕೋಣೆಯಲ್ಲಿದ್ದೆ. ಸ್ವೀಡನ್ನಿನ ಬಾಡಿಗೆ ಮನೆಗಳಲ್ಲಿ ವಾಷಿಂಗ್ ಮಷೀನು ಮನೆಯೊಳಗೆ ಇರುವುದು ಕಡಿಮೆ. ಕೆಳಗೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಕೋಣೆ, ಮೊದಲೇ ಹೆಸರು ಬರೆದು ಸರದಿ ಹಿಡಿಯಬೇಕು. ಸರದಿ ಮೀರಿ ಹತ್ತು ನಿಮಿಷ ಕೂತರೆ ಕೊಲೆ ಮಾಡಿದವರನ್ನು ನೋಡುವ ಹಾಗೆ ನೋಡುತ್ತಾರೆ. ಹಳೆಯ ಗೆಳೆಯ ಗುರು ಮೆಸೇಜು ಕಳಿಸಿದ್ದ: "ಸುಮಕ್ಕ, ಮೇಷ್ಟ್ರು ಹೋಗ್ಬಿಟ್ರಂತೆ. ಅವ್ರ ಅಕ್ಕ ಮೇಲ್ ಮಾಡಿದಾರೆ. ನಿದ್ದೆಯಲ್ಲೇ ಅಂತೆ." ಓದಿ ಅಲ್ಲೇ ಬೆಂಚಿನ ಮೇಲೆ ಕೂತೆ. ಮಷೀನು ಯಾವಾಗ ನಿಂತಿತೋ, ನನ್ನ ಸರದಿ ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ. ಮುಂದಿನ ಸರದಿಯ ಹೆಂಗಸು ಬುಟ್ಟಿ ಹಿಡಿದು ಬಂದವಳು ನನ್ನ ಮುಖ ನೋಡಿ, "ಆಗಲಿ, ನಿಧಾನ" ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ಈ ದೇಶದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಾಂತ್ವನ ಅದೇ.

ಮೇಷ್ಟ್ರು ಅಂದರೆ ಮೈಸೂರು ಕಡೆಯವರಲ್ಲ, ಐರ್ಲೆಂಡಿನವರು. ಲಿಂಕೋಪಿಂಗ್‌ನ ಒಂದು ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದರು. ಇಲ್ಲಿ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳೂ ಉಳಿ, ಕರಗಸ ಹಿಡಿಯಲು ಕಲಿಯಬೇಕು. ಮೊಣಕಾಲುದ್ದದ ಮಕ್ಕಳು ಕೂಡ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವು; ಅದು ಇಲ್ಲಿನ ಪದ್ಧತಿ. ಆದರೆ ಅರವತ್ತು ದಾಟಿದ, ತಲೆ ನರೆತ, ಅದರಲ್ಲೂ ಮೇಷ್ಟ್ರ ಕೆಲಸದಲ್ಲಿರುವ ಮನುಷ್ಯನನ್ನು ನಾವು ಹೆಸರಿಟ್ಟು ಕರೆಯುವುದುಂಟೇ? ನಾಲಿಗೆಯೇ ಹೊರಳುತ್ತಿರಲಿಲ್ಲ. ಮೊದಲು "ಮೇಷ್ಟ್ರೇ" ಎಂದವನು ಗುರು. ಅದೇ ನಿಂತಿತು. ಈಗ ಬರೆಯುವಾಗಲೂ ಹೆಸರು ಬರೆಯಲು ಕೈ ಬರುತ್ತಿಲ್ಲ, ಕ್ಷಮಿಸಿ.

ಕಳೆದ ದಶಕದ ನಡುವಿನ ಮೂರು ವರ್ಷದ ಮಾತು. ನಾನಾಗ ಲಿಂಕೋಪಿಂಗ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಬೇಸಿಗೆಯ ಶನಿವಾರಗಳಲ್ಲಿ ನಾವು ಹತ್ತು ಹನ್ನೆರಡು ಜನ ಕನ್ನಡದವರು ಮೈದಾನದ ಮೂಲೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದೆವು. ಹೆಂಗಸು ನಾನೊಬ್ಬಳೇ, ಆದ್ದರಿಂದ ಬ್ಯಾಟಿಂಗ್ ಕೊನೆಗೆ, ಫೀಲ್ಡಿಂಗ್ ಬೌಂಡರಿಯಲ್ಲಿ. ಒಂದು ದಿನ ಗುರು ಎತ್ತಿ ಹೊಡೆದ ಚೆಂಡನ್ನು ನಾನು ಹಿಂದಕ್ಕೆ ಓಡುತ್ತಾ ಒಂದೇ ಕೈಯಲ್ಲಿ ಹಿಡಿದೆ. ಬೇಲಿಯಾಚೆ ಸೈಕಲ್ಲಿಗೆ ಒರಗಿ ನೋಡುತ್ತಿದ್ದ ಮುದುಕರೊಬ್ಬರು ನೇರ ನನ್ನ ಹತ್ತಿರ ಬಂದರು.

"ಇನ್ನೊಂದು ಕೈಯಲ್ಲೂ ಹಾಗೆ ಹಿಡೀತೀಯಾ?"

ನಮಸ್ಕಾರ ಇಲ್ಲ, ಹೆಸರು ಕೇಳುವುದಿಲ್ಲ. ನನಗೆ ಸಿಟ್ಟು ಬಂತು. "ಯಾಕೆ, ನಿಮಗೇನಾಗ್ಬೇಕು?" ಎಂದೆ.

"ನನಗೆ ಬ್ಯಾಟ್ ಬೀಸೋರು ಬೇಡ. ಕ್ಯಾಚ್ ಹಿಡಿಯೋರು ಬೇಕು. ಗುರುವಾರ ಸಂಜೆ ಆರು ಗಂಟೆಗೆ ಇದೇ ಮೈದಾನ" ಎಂದು ಸೈಕಲ್ ಹತ್ತಿ ಹೋದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವರು ಆಡುತ್ತಿದ್ದ ಹಾಗೇ ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ. ಮೊದಲ ಒಂದು ತಿಂಗಳು ನನಗೇ ಅರ್ಧ ಆಗುತ್ತಿರಲಿಲ್ಲ.

ಗುರುವಾರ ಹೋಗಬಾರದು ಅಂದುಕೊಂಡಿದ್ದೆ. ಹೋದೆ. ಗುರುವನ್ನೂ ಎಳೆದುಕೊಂಡು ಹೋದೆ. ಗುರು ಹುಬ್ಬಳ್ಳಿಯ ಹುಡುಗ, ನನ್ನ ಆಫೀಸಿನಲ್ಲೇ ಕೆಲಸ. ನಮ್ಮ ಜೊತೆ ಮಾತಾಡುವಾಗ ಬೆಂಗಳೂರು ಕನ್ನಡ, ಅವರಮ್ಮನ ಫೋನು ಬಂದರೆ ಮಾತ್ರ ಊರಿನ ಭಾಷೆ ಹೊರಗೆ ಬರುತ್ತಿತ್ತು.

ಆಟದ ಹೆಸರು ಹರ್ಲಿಂಗ್. ಐರ್ಲೆಂಡಿನ ಹಳೆಯ ಆಟ. ತುದಿಯಲ್ಲಿ ಅಗಲವಾಗಿ ಬಾಗಿದ ಮರದ ಕೋಲು, ಕ್ರಿಕೆಟ್ ಚೆಂಡಿನ ತಮ್ಮನಂತಿರುವ ಚರ್ಮದ ಚೆಂಡು. ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು, ಕೈಯಲ್ಲಿ ಹಿಡಿಯಲೂಬಹುದು. ಎರಡು ಎತ್ತರದ ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟು, ಕೆಳಗೆ ಬಲೆಗೆ ಹೋದರೆ ಮೂರು. ತಲೆಗೆ ಹೆಲ್ಮೆಟ್ ಕಡ್ಡಾಯ. ಏಕೆಂದು ಮೊದಲ ಐದು ನಿಮಿಷದಲ್ಲೇ ತಿಳಿಯುತ್ತದೆ. ನಮ್ಮ ಮೈದಾನದಲ್ಲಿ ಅಂಥ ಕಂಬಗಳು ಎಲ್ಲಿಂದ ಬರಬೇಕು? ಮೇಷ್ಟ್ರು ನೀರಿನ ಪ್ಲಾಸ್ಟಿಕ್ ಪೈಪುಗಳನ್ನು ತಂದು ಫುಟ್‌ಬಾಲ್ ಗೋಲಿನ ಎರಡೂ ಬದಿಗೆ ಕಟ್ಟುತ್ತಿದ್ದರು. ಆಟ ಮುಗಿದ ಮೇಲೆ ಬಿಚ್ಚಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಟ್ರಾಫಿಕ್ಕಿನಲ್ಲಿ ಆ ಪೈಪುಗಳು ಹಿಂದೆ ಮಾರುದ್ದ ಚಾಚಿಕೊಂಡಿರುತ್ತಿದ್ದವು, ಕಾರಿನವರು ಬೈದುಕೊಳ್ಳುತ್ತಿದ್ದರು, ಇವರು ಕೈ ಎತ್ತಿ ಟಾಟಾ ಮಾಡುತ್ತಿದ್ದರು.

ಊರಿನಲ್ಲಿ ಐರಿಷ್ ಆಟಗಳ ಒಂದು ಕ್ಲಬ್ಬು ಮೊದಲೇ ಇತ್ತು. ಆದರೆ ಅಲ್ಲಿ ನಡೆಯುತ್ತಿದ್ದುದು ಐರಿಷರ ಇನ್ನೊಂದು ಆಟ, ಗೇಲಿಕ್ ಫುಟ್‌ಬಾಲ್. ಅದಕ್ಕೆ ಒಂದು ಚೆಂಡು ಸಾಕು. ಹೊಸಬರು ಮೊದಲ ದಿನವೇ ಓಡಾಡಿ ಖುಷಿಪಟ್ಟು ಹೋಗಬಹುದು. ಹೀಗಾಗಿ ಫುಟ್‌ಬಾಲಿಗೆ ವಾರಕ್ಕೆ ಮೂರು ದಿನ, ಮೂವತ್ತು ನಲವತ್ತು ಜನ. ಹರ್ಲಿಂಗಿಗೆ ಗುರುವಾರದ ಒಂದೇ ಒಂದು ಗಂಟೆ, ಆರೇಳು ಜನ. ಕ್ಲಬ್ಬಿನ ಅಧ್ಯಕ್ಷರೂ ಐರಿಷರೇ, ಧಡೂತಿ ಆಸಾಮಿ, ಒಳ್ಳೆಯ ಮನುಷ್ಯ, ಆದರೆ ಫುಟ್‌ಬಾಲ್ ಬಿಟ್ಟು ಬೇರೇನೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. "ಚೆಂಡು ಕೊಟ್ರೆ ಜನ ಬರ್ತಾರೆ, ಕೋಲು ಕೊಟ್ರೆ ಓಡ್ತಾರೆ" ಎನ್ನುತ್ತಿದ್ದರು. ಸುಳ್ಳೇನೂ ಅಲ್ಲ. ಮೊದಲ ಗುರುವಾರ ಗೆಣ್ಣಿಗೆ ಪೆಟ್ಟು ತಿಂದು ನಾನೇ ಓಡಿಹೋಗುವವಳಿದ್ದೆ.

ಓಡದಂತೆ ಹಿಡಿದಿಟ್ಟಿದ್ದು ಮೇಷ್ಟ್ರ ಒಂದು ಗುಣ. ಅವರು ತಪ್ಪನ್ನು ಬೈಯುತ್ತಿರಲಿಲ್ಲ, ತಪ್ಪು ಎಲ್ಲಿಂದ ಬಂತು ಎಂದು ಹುಡುಕುತ್ತಿದ್ದರು. ನಮ್ಮ ಜೊತೆ ಆಡುತ್ತಿದ್ದ ಎಲ್ಸಾ ಲಿಂಕೋಪಿಂಗ್‌ನಲ್ಲೇ ಹುಟ್ಟಿ ಬೆಳೆದವಳು, ಆಸ್ಪತ್ರೆಯಲ್ಲಿ ನರ್ಸು, ಮಾತು ತೀರಾ ಕಡಿಮೆ. ಚಿಕ್ಕಂದಿನಿಂದ ಇನ್ನೆಬಾಂಡಿ ಆಡಿದವಳು. ಇನ್ನೆಬಾಂಡಿ ಅಂದರೆ ಇಲ್ಲಿನ ಶಾಲೆಗಳಲ್ಲೆಲ್ಲ ಒಳಾಂಗಣದಲ್ಲಿ ಆಡುವ ಹಾಕಿಯಂಥ ಆಟ. ಅದರಲ್ಲಿ ಕೋಲು ಸೊಂಟದ ಮೇಲೆ ಹೋದರೆ ತಪ್ಪು. ಪಾಪ, ಎಲ್ಸಾಳ ಕೋಲು ಯಾರೋ ಹಗ್ಗ ಕಟ್ಟಿ ಎಳೆದಂತೆ ಸೊಂಟದಲ್ಲಿ ಬಂದು ನಿಂತುಬಿಡುತ್ತಿತ್ತು. ಮೇಷ್ಟ್ರು "ಎತ್ತು ಎತ್ತು" ಎಂದು ಒಂದು ಸಲವೂ ಕೂಗಲಿಲ್ಲ. ಮುಂದಿನ ಗುರುವಾರ ಮೈದಾನದಂಚಿನ ಬರ್ಚ್ ಮರದ ಕೊಂಬೆಗೆ ಚೆಂಡೊಂದನ್ನು ದಾರದಲ್ಲಿ ಅವಳ ತಲೆಗಿಂತ ಎತ್ತರಕ್ಕೆ ನೇತುಹಾಕಿ, "ಇದು ನಿನ್ನ ಚೆಂಡು" ಎಂದು ಹೇಳಿ ಬೇರೆಯವರ ಕಡೆ ಹೊರಟುಹೋದರು. ಅವಳು ಅದರ ಕೆಳಗೆ ಒಂದು ತಿಂಗಳು ಒಬ್ಬಳೇ ಹೊಡೆದಳು.

ನಮ್ಮ ತಪ್ಪುಗಳು ಬೇರೆ. ಹರ್ಲಿಂಗಿನಲ್ಲಿ ನೆಲದ ಮೇಲಿನ ಚೆಂಡನ್ನು ಕೈಯಲ್ಲಿ ಎತ್ತುವಂತಿಲ್ಲ, ಕೋಲಿನಿಂದ ಚಿಮ್ಮಿಸಿ ಹಿಡಿಯಬೇಕು. ನಾವೋ ಹುಟ್ಟಾ ಫೀಲ್ಡರುಗಳು. ಚೆಂಡು ಕಂಡರೆ ಬಗ್ಗಿ ಬಾಚಿ ಎಸೆದುಬಿಡುತ್ತಿದ್ದೆವು. ಎಸೆಯುವುದು ಇನ್ನೊಂದು ತಪ್ಪು. ಕೋಲು ಹಿಡಿಯುವುದು ಮೂರನೆಯದು: ಬ್ಯಾಟಿಗೆ ಎಡಗೈ ಮೇಲೆ, ಇಲ್ಲಿ ಬಲಗೈ ಮೇಲೆ. ಎಡಗೈಯಲ್ಲಿ ಊಟ ಮಾಡಿದಷ್ಟು ಮುಜುಗರ. ಎಲ್ಲಕ್ಕಿಂತ ಗಟ್ಟಿ ಚಾಳಿ ಗುರುವಿನದು. ಎತ್ತರದ ಚೆಂಡನ್ನು ಚೆಂದವಾಗಿ ಹಿಡಿದವನೇ ಅಲ್ಲೇ ನಿಂತುಬಿಡುತ್ತಿದ್ದ. ಅವನ ಲೆಕ್ಕದಲ್ಲಿ ಕ್ಯಾಚ್ ಹಿಡಿದರೆ ಕೆಲಸ ಮುಗಿಯಿತು, ಯಾರೋ ಔಟಾದರು, ಇನ್ನು ಎಲ್ಲರೂ ಬಂದು ಬೆನ್ನು ತಟ್ಟಬೇಕು. ಅಷ್ಟರಲ್ಲಿ ಎದುರಿನವರು ಬಂದು ಅವನನ್ನು ಗುಡಿಸಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ನೆಲದಿಂದ ಅವನನ್ನು ಎಬ್ಬಿಸುತ್ತಾ ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು: "ಈ ಆಟದಲ್ಲಿ ಯಾರೂ ಔಟಾಗೋದಿಲ್ಲಪ್ಪ. ಹಿಡಿದ ಮೇಲೇ ಕೆಲಸ ಶುರು."

ಹೊಗಳಿಕೆಯಲ್ಲಿ ಮಾತ್ರ ಮಹಾ ಜಿಪುಣರು. ಬಲಗಡೆಯಿಂದ ನಾನೊಂದು ಹೊಡೆತ ಹೊಡೆದು ಚೆಂಡು ಕಂಬಗಳ ನಡುವೆ ತೂರಿ ಹೋಗಿ, ಎಲ್ಲರೂ ಓಹೋ ಎಂದರೆ, ಅವರು ಚೆಂಡನ್ನು ಮತ್ತೆ ನನ್ನ ಕಾಲ ಬಳಿ ಉರುಳಿಸಿ "ಈಗ ಎಡಗಡೆಯಿಂದ" ಎನ್ನುತ್ತಿದ್ದರು. ಅಷ್ಟೇ. ಮೂರು ವರ್ಷದಲ್ಲಿ ನನ್ನ ಬಗ್ಗೆ ಅವರು ಹೇಳಿದ ಅತಿ ದೊಡ್ಡ ಮೆಚ್ಚುಗೆ ಎಂದರೆ "ನೀನು ತಪ್ಪದೆ ಬರ್ತೀಯ" ಎಂಬುದು. ಅವರ ತೂಕದಲ್ಲಿ ಚೆನ್ನಾಗಿ ಆಡುವವರಿಗಿಂತ ತಿರುಗಿ ಬರುವವರು ಮೇಲು. "ಚೆನ್ನಾಗಿ ಆಡೋರು ಗೆಲ್ಲಿಸ್ತಾರೆ. ತಿರುಗಿ ಬರೋರು ಬೆಳೆಸ್ತಾರೆ" ಎನ್ನುತ್ತಿದ್ದರು.

ಅಮ್ಮ ಸ್ಕೈಪಿನಲ್ಲಿ ನನ್ನ ನೀಲಿಗಟ್ಟಿದ ಕೈ ನೋಡಿ ಹೌಹಾರಿದಳು. "ಕೋಲು ಹಿಡ್ಕೊಂಡು ಗಂಡಸರ ಜೊತೆ ಹೊಡೆದಾಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಮಾರ್ಕೆಟ್‌ನಲ್ಲಿ ಆಗ್ತಿತ್ತಲ್ಲೇ!" ಯುಗಾದಿಗೆ ಮೇಷ್ಟ್ರನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಅವತ್ತು ಅಮ್ಮನಿಗೂ ತೋರಿಸಿದೆ. ಅವರು ಒಬ್ಬಟ್ಟು ತಿನ್ನುತ್ತಾ ಪರದೆಯ ಕಡೆ ಗಂಭೀರವಾಗಿ ಕೈ ಮುಗಿದರು. ಅಮ್ಮ ತಣ್ಣಗಾದಳು. "ಸಣಕಲಾಗಿದಾರೆ ಕಣೆ, ಇನ್ನೊಂದು ಬಡಿಸು" ಎಂದಳು.

ಕೋಲುಗಳನ್ನು ಅವರೇ ಮಾಡುತ್ತಿದ್ದರು. ಆಶ್ ಎಂಬ ಮರದ ಬುಡದ ಒಂದು ಗಜವೇ ಆಗಬೇಕು. ಅಲ್ಲಿ ಬೇರು ಅಗಲಿಸಿಕೊಳ್ಳುವಾಗ ಮರದ ಎಳೆ ತಾನಾಗಿ ಬಾಗಿರುತ್ತದೆ, ಆ ಬಾಗಿನಲ್ಲೇ ಕೋಲು ಕಡೆದರೆ ಮುರಿಯುವುದಿಲ್ಲ. ಇಲ್ಲಿನ ನಗರಸಭೆಯವರು ರೋಗ ಬಂದ ಆಶ್ ಮರ ಕಡಿಯುತ್ತಾರೆಂದು ತಿಳಿದರೆ ಇವರು ಹೋಗಿ ಕಾಯುತ್ತಾ ನಿಲ್ಲುತ್ತಿದ್ದರು. ಮರ ಕಡಿಯುವವರಿಗೆ ಇವರ ಪರಿಚಯವಾಗಿಹೋಗಿತ್ತು, ಬುಡ ಇವರಿಗೆಂದು ಬಿಡುತ್ತಿದ್ದರು. ಪ್ರತಿಯೊಬ್ಬರನ್ನೂ ಗೋಡೆಗೆ ನಿಲ್ಲಿಸಿ ಸೊಂಟದ ಮೂಳೆಯವರೆಗೆ ಅಳೆದು ಅವರವರಿಗೆ ಬೇರೆ ಬೇರೆ ಕೋಲು. ನನ್ನ ಕೋಲನ್ನು ಮಾಡಿದ್ದು ಒಂದು ಅಕ್ಟೋಬರಿನ ಮಧ್ಯಾಹ್ನ, ಶಾಲೆಯ ಮರಗೆಲಸದ ಕೋಣೆಯಲ್ಲಿ. ಉಜ್ಜುಗೊರಡು ಹಾಕುತ್ತಾ, ನನ್ನ ಕಡೆ ನೋಡದೆ, ತಮ್ಮ ಕಥೆ ಹೇಳಿದರು.

ಐರ್ಲೆಂಡಿನಲ್ಲೂ ಎಲ್ಲ ಕಡೆ ಹರ್ಲಿಂಗ್ ಆಡುವುದಿಲ್ಲವಂತೆ. ಇವರ ಊರು ಅಪ್ಪಟ ಫುಟ್‌ಬಾಲ್ ಸೀಮೆ. ಅಲ್ಲಿ ಇವರು ಇಪ್ಪತ್ತು ವರ್ಷ, ಒಂಟಿ ಸಲಗದ ಹಾಗೆ, ಮಕ್ಕಳಿಗೆ ಕೋಲು ಹಿಡಿಸಿದ್ದರು. ಮಕ್ಕಳನ್ನು ಮನೆಯಿಂದ ಕರೆತರುವವರು ಇವರೇ, ಹುಲ್ಲು ಕತ್ತರಿಸುವವರು ಇವರೇ, ಸೀಟಿ ಊದುವವರೂ ಇವರೇ. ಹೆಂಡತಿ ಸ್ವೀಡನ್ನಿನವರು, ಅವರ ತಾಯಿಗೆ ಹುಷಾರಿಲ್ಲದಾಗ ಇಬ್ಬರೂ ಇಲ್ಲಿಗೆ ಬಂದರು. ಮರುವರ್ಷ ಬೇಸಿಗೆಗೆ ಊರಿಗೆ ಹೋದಾಗ ನೋಡಿದರೆ ಮೈದಾನದಲ್ಲಿ ಒಂದು ಕೋಲೂ ಇಲ್ಲ.

"ಯಾರೋ ನಿಲ್ಲಿಸಿದ್ರಾ?" ಎಂದೆ.

"ಯಾರೂ ನಿಲ್ಲಿಸಲಿಲ್ಲ. ಅದೇ ತಾಪತ್ರಯ. ನಾನು ಬರಲಿಲ್ಲ, ಹಾಗಾಗಿ ಯಾರೂ ಬರಲಿಲ್ಲ. ಇಪ್ಪತ್ತು ವರ್ಷ ಒಂದು ವಾರವೂ ತಪ್ಪಿಸಲಿಲ್ಲ ಅಂತ ಜಂಭ ಇತ್ತು ನನಗೆ. ಇನ್ನೊಬ್ಬರಿಗೆ ಒಂದು ವಾರವಾದ್ರೂ ಬಿಟ್ಟುಕೊಟ್ಟಿದ್ರೆ ಉಳೀತಿತ್ತೋ ಏನೋ."

ಈಗ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಊರಿನಲ್ಲಿದ್ದ ಅಕ್ಕ ಪ್ರತಿ ಭಾನುವಾರ ಫೋನು ಮಾಡಿ, "ಇನ್ನೇನು ಕೆಲಸ ನಿನಗಲ್ಲಿ? ಬಾ, ಅರ್ಧ ಮನೆ ಖಾಲಿ ಇದೆ" ಎನ್ನುತ್ತಿದ್ದರು. ಹೋಗಬೇಕೆಂಬ ಆಸೆ ಇವರಿಗೆ ಎಷ್ಟಿತ್ತೆಂದರೆ, ಅಕ್ಕನ ಮಾತು ಹೇಳುವಾಗ ಉಜ್ಜುಗೊರಡು ನಿಂತೇಹೋಯಿತು. ಆದರೆ ಇಲ್ಲಿ ಇನ್ನೊಂದು ಸಲ ಹಾಗೆಯೇ ಆಗಿಬಿಟ್ಟರೆ? "ಎರಡನೇ ಸಲ ಅದನ್ನ ನೋಡೋಕೆ ನನ್ನ ಕೈಲಾಗಲ್ಲ" ಎಂದರು. ಅವರು ಅಷ್ಟು ನೇರವಾಗಿ ಸಂಕಟ ಹೇಳಿಕೊಂಡಿದ್ದು ಅದೊಂದೇ ಸಲ.

ಮುಂದಿನ ವರ್ಷ ಅವರು ಕೆಲಸದಿಂದ ನಿವೃತ್ತರಾದರು. ಊರಿಗೆ ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ಅಧ್ಯಕ್ಷರು ಒಂದು ಗುರುವಾರ ಬಂದು, ಎಲ್ಲರೂ ಫೀಕಾಕ್ಕೆ ಕೂತಿದ್ದಾಗ ವಿಷಯ ಎತ್ತಿದರು. ಫೀಕಾ ಅಂದರೆ ಕಾಫಿ, ತಿಂಡಿ, ಹರಟೆ. ಸ್ವೀಡನ್ನಿನಲ್ಲಿ ಕಷ್ಟದ ಮಾತನ್ನೆಲ್ಲ ಆಡುವುದು ಬನ್ನು ತಿನ್ನುತ್ತಲೇ.

"ಫುಟ್‌ಬಾಲಿಗೆ ಹೊಸಬರು ಬಹಳ ಬರ್ತಿದಾರೆ. ಅವರಿಗೆ ಗುರುವಾರ ಬೇಕು. ವಾರ್ಷಿಕ ಸಭೆಯಲ್ಲಿ ತೀರ್ಮಾನ ಮಾಡೋಣ" ಎಂದರು ಅಧ್ಯಕ್ಷರು.

"ಆಡೋರು ಏಳು ಜನ ಇದಾರಲ್ಲ, ತಂಡಕ್ಕೆ ಅಷ್ಟು ಸಾಕು. ಸೆಪ್ಟೆಂಬರಿನಲ್ಲಿ ನಾರ್‌ಶೋಪಿಂಗ್ ಪಂದ್ಯಾವಳಿಗೆ ತಂಡ ಕಳಿಸ್ತೀನಿ" ಎಂದರು ಮೇಷ್ಟ್ರು.

"ಕಳಿಸ್ತೀಯ, ಗೊತ್ತು. ಆದ್ರೆ ಇದು ಹರ್ಲಿಂಗ್ ಅಲ್ಲ ಮಾರಾಯ, ಇದು ನೀನು. ನೀನು ಹೋದ ದಿನ ಇದೂ ಹೋಗುತ್ತೆ. ಒಬ್ಬ ಮನುಷ್ಯನಿಗೋಸ್ಕರ ಒಂದು ಸಂಜೆ ಇಟ್ಟುಕೊಳ್ಳೋದು ಹೇಗೆ?"

ನನಗೆ ಮೈ ಉರಿಯಿತು. ಮೇಷ್ಟ್ರು ಮಾತ್ರ ಅಧ್ಯಕ್ಷರ ಮುಖವನ್ನೇ ನೋಡುತ್ತಾ ಬಹಳ ಹೊತ್ತು ಚಹಾ ಕದಡುತ್ತಿದ್ದರು.

ಪಕ್ಕದ ಊರು ನಾರ್‌ಶೋಪಿಂಗ್‌ನ ಪಂದ್ಯಾವಳಿ ಶನಿವಾರ. ಬೆಳಿಗ್ಗೆ ಸ್ಟೇಷನ್ನಿನಲ್ಲಿ ಸೇರಿದಾಗ ಮೊದಲ ಸುದ್ದಿ ಕ್ರಿಕೆಟ್ಟಿನಿಂದ ನಮ್ಮ ತಂಡಕ್ಕೆ ಬಂದಿದ್ದ ಪ್ರವೀಣನದು. ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋಗುವ ಅವನ ಮಗಳು ಅಲ್ಲಿಂದ ವಾಂತಿ ತಂದಿದ್ದಳು, ಅಪ್ಪನಿಗೂ ಅಂಟಿತ್ತು. ಏಳು ಹೋಗಿ ಆರಾದೆವು: ನಾನು, ಗುರು, ಎಲ್ಸಾ, ಅವಳ ಗಂಡ, ವಿಶ್ವವಿದ್ಯಾಲಯದ ಇಬ್ಬರು ಜರ್ಮನ್ ವಿದ್ಯಾರ್ಥಿಗಳು. ರೈಲು ಹೊರಡುವ ಹೊತ್ತಾಯಿತು, ಮೇಷ್ಟ್ರ ಸುಳಿವಿಲ್ಲ. ಆಮೇಲೆ ನನ್ನ ಫೋನಿಗೆ ಮೆಸೇಜು ಬಂತು: "ನಾನು ಬರುವುದಿಲ್ಲ. ನೀನು ನೋಡಿಕೋ."

ಅಷ್ಟೇ! ಜ್ವರವೋ, ಮಂಡಿ ನೋವೋ, ಒಂದು ಕಾರಣವೂ ಇಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ರೈಲಿನಲ್ಲಿ ನಾನು ಬೈದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಗುರು ಮೆಲ್ಲಗೆ, "ಅಕ್ಕ, ವಾಪಸ್ ಹೋಗೋಣ್ವಾ? ಆರು ಜನರನ್ನ ಆಡಿಸಲ್ಲ" ಎಂದ. "ಬಾಯಿ ಮುಚ್ಕೊಂಡು ಕೂತ್ಕೋ" ಎಂದೆ.

ಪಂದ್ಯಾವಳಿಯಲ್ಲಿ ಫುಟ್‌ಬಾಲೂ ಇತ್ತು; ಮೈದಾನದಲ್ಲಿ ಅಧ್ಯಕ್ಷರು ಅದನ್ನು ಆಡಲು ತಯಾರಾಗಿ ನಿಂತಿದ್ದರು. ನೇರ ಹೋಗಿ ಕೇಳಿದೆ, "ನಮ್ಮ ಗೋಲಲ್ಲಿ ನಿಂತ್ಕೋತೀರಾ?"

"ನಾನಾ? ಹುಟ್ಟಿದಾಗಿನಿಂದ ಆ ಕೋಲು ಮುಟ್ಟಿಲ್ಲ."

"ಮುಟ್ಬೇಡಿ. ಹೆಲ್ಮೆಟ್ ಹಾಕ್ಕೊಂಡು ಸುಮ್ನೆ ನಿಂತ್ಕೊಳ್ಳಿ. ನಿಮ್ಮಷ್ಟು ಅಗಲ ನಮ್ಮಲ್ಲಿ ಇನ್ಯಾರಿಗೂ ಇಲ್ಲ."

ಅವರು ನಕ್ಕುಬಿಟ್ಟರು, ನಿಂತುಕೊಂಡರು. ಎದುರಾಳಿಗಳು ಹುಟ್ಟಾ ಹರ್ಲಿಂಗ್ ಆಟಗಾರರು, ಎಲ್ಲರೂ ಹರ್ಲಿಂಗ್ ಸೀಮೆಯ ಐರಿಷರು. ಆರಂಭದ ಐದು ನಿಮಿಷದಲ್ಲಿ ಚೆಂಡು ನಮಗೆ ಕಾಣಿಸಲೇ ಇಲ್ಲ, ಶಬ್ದ ಮಾತ್ರ ಕೇಳಿಸುತ್ತಿತ್ತು. ಆಮೇಲೆ ಆಗಬಾರದ್ದು ಆಯಿತು. ಎತ್ತರಕ್ಕೆ ಹೋದ ಚೆಂಡೊಂದು ನಮ್ಮ ಗೋಲಿನ ಮುಂದೆ ಇಳಿಯುತ್ತಿತ್ತು. ಗುರು ಮೂವರ ನಡುವೆ ಎಗರಿ, ಅಬ್ಬಾ ಎಂಥ ಕ್ಯಾಚ್ ಹಿಡಿದನೆಂದರೆ, ಎದುರಾಳಿಗಳೇ ಒಂದು ಕ್ಷಣ ತಬ್ಬಿಬ್ಬಾದರು. ಹುಟ್ಟುಗುಣ ಸುಟ್ಟರೂ ಹೋಗದು! "ಹಿಡದ್ನಿ ನೋಡಲೇ!" ಎಂದು ಹುಬ್ಬಳ್ಳಿಗೆ ಕೇಳುವಂತೆ ಕೂಗಿ, ಚೆಂಡನ್ನು ಖುಷಿಯಿಂದ ಆಕಾಶಕ್ಕೆ ತೂರಿದ. ಅದು ಕೆಳಗಿಳಿಯುವಷ್ಟರಲ್ಲಿ ಎದುರಾಳಿಯೊಬ್ಬ ಕೋಲು ಬೀಸಿದ. ಚೆಂಡು ಅಧ್ಯಕ್ಷರ ಕಿವಿ ಸವರಿಕೊಂಡು ಬಲೆ ಸೇರಿತು.

ಮೈದಾನದ ಸುತ್ತ ಇದ್ದ ಅಷ್ಟೂ ಫುಟ್‌ಬಾಲಿನವರು ಹೊಟ್ಟೆ ಹಿಡಿದು ನಕ್ಕರು. ಗುರುವಿನ ಮುಖ ಸುಣ್ಣದಂತಾಯಿತು. ಹೆಲ್ಮೆಟ್ ಕಳಚಿ ನನ್ನ ಹತ್ತಿರ ಬಂದ. "ನನ್ ಕೈಲಾಗಲ್ಲ ಸುಮಕ್ಕ, ಹೊರಗೆ ಹೋಗ್ತೀನಿ." ಅವನು ಹೋದರೆ ಆರು ಜನ, ಅಲ್ಲಿಗೆ ತಂಡ ಇಲ್ಲ. ನಾನು ಅಭ್ಯಾಸ ಬಲದಿಂದ ಗೆರೆಯಾಚೆ ಮೇಷ್ಟ್ರು ನಿಲ್ಲುತ್ತಿದ್ದ ಕಡೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಹೇಳಬೇಕಾದವಳು ನಾನೇ ಎಂದು ಆಗ ಹೊಳೆಯಿತು.

"ಈ ಆಟದಲ್ಲಿ ಯಾರೂ ಔಟಾಗಲ್ಲ ಕಣೋ. ಹೆಲ್ಮೆಟ್ ಹಾಕ್ಕೋ. ಇನ್ನೊಂದು ಚೆಂಡು ಬರುತ್ತೆ, ಹಿಡಿ, ಹಿಡಿದು ಎಲ್ಸಾ ಕಡೆ ಹೊಡಿ."

ಹಾಕಿಕೊಂಡ. ದ್ವಿತೀಯಾರ್ಧದಲ್ಲಿ ಅಂಥದೇ ಚೆಂಡು ಬಂತು. ಹಿಡಿದ, ತಿರುಗಿದ, ಎಲ್ಸಾಳ ಕಡೆ ಹೊಡೆದ. ಎಲ್ಸಾ ಅದನ್ನು ನೆಲಕ್ಕೆ ಬೀಳಲು ಬಿಡದೆ ತಲೆಯ ಮೇಲೇ ಬೀಸಿ ಹೊಡೆದಳು. ಗೋಲು. ನಮ್ಮ ಲೆಕ್ಕಕ್ಕೆ ಬಂದದ್ದು ಆ ಒಂದು ಗೋಲು, ಎರಡು ಪಾಯಿಂಟು. ಅವರದ್ದನ್ನು ಎಣಿಸಲು ಹೋಗಲಿಲ್ಲ. ಅಧ್ಯಕ್ಷರು ಪಕ್ಕೆ ಹಿಡಿದುಕೊಂಡು ಹೊರಬಂದು, "ಇನ್ನೊಂದ್ಸಲ ಕೇಳಬೇಡ" ಎಂದರು.

ವಾಪಸಾದವಳೇ ಬ್ಯಾಗು ಕೂಡ ಇಳಿಸದೆ ಮೇಷ್ಟ್ರ ಮನೆಗೆ ಹೋದೆ. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಮೈಮೇಲೆ ಮೈದಾನದ ಜಾಕೆಟ್ಟು, ಕಾಲಲ್ಲಿ ಆಟದ ಬೂಟು. ಸ್ವೀಡನ್ನಿನಲ್ಲಿ ಮನೆಯೊಳಗೆ ಯಾರೂ ಬೂಟು ಹಾಕುವುದಿಲ್ಲ.

"ಯಾಕೆ ಬರಲಿಲ್ಲ?" ಕಿರುಚಿಯೇ ಕೇಳಿದೆ.

"ಬೆಳಿಗ್ಗೆಯಿಂದ ಬೂಟು ಹಾಕ್ಕೊಂಡೇ ಕೂತಿದೀನಿ. ನಾಲ್ಕು ಸಲ ಬಾಗಿಲ ತನಕ ಹೋದೆ" ಎಂದರು. "ನಾನು ಬಂದಿದ್ರೆ ನೀವೆಲ್ಲ ನನ್ನ ಮುಖ ನೋಡ್ತಿದ್ರಿ."

ನನ್ನ ಕೋಪ ಎಲ್ಲಿ ಹೋಯಿತೋ. ಮರಗೆಲಸದ ಕೋಣೆಯಲ್ಲಿ ಅವರು ಹೇಳಿದ್ದು ನೆನಪಾಯಿತು: ಇನ್ನೊಬ್ಬರಿಗೆ ಒಂದು ವಾರವಾದರೂ ಬಿಟ್ಟುಕೊಟ್ಟಿದ್ದರೆ. ಚಹಾ ಮಾಡಿಕೊಟ್ಟೆ. ಒಂದೊಂದು ಚೆಂಡಿನ ಕಥೆಯನ್ನೂ ಕೇಳಿದರು. ಗುರುವಿನ ಕ್ಯಾಚಿಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸೋತ ಅಂತರ ಎಷ್ಟೆಂದು ಕೇಳಲಿಲ್ಲ. ಅಂದಿನಿಂದ ಗುರುವಾರಗಳಲ್ಲಿ ಒಂದು ವಾರ ನಾನು, ಒಂದು ವಾರ ಎಲ್ಸಾ ಆಟ ನಡೆಸುತ್ತಿದ್ದೆವು. ಅವರು ಬೇಲಿಯಾಚೆ ಸೈಕಲ್ಲಿಗೆ ಒರಗಿ ನಿಲ್ಲುತ್ತಿದ್ದರು, ತುಟಿ ಬಿಗಿದುಕೊಂಡು. ಮಾತಾಡದಿರಲು ಅವರು ಪಡುತ್ತಿದ್ದ ಪಾಡು ನೋಡಲಾಗುತ್ತಿರಲಿಲ್ಲ.

ವಾರ್ಷಿಕ ಸಭೆ ಫೆಬ್ರವರಿಯಲ್ಲಿ, ಶಾಲೆಯೊಂದರ ಕೋಣೆಯಲ್ಲಿ. ನಲವತ್ತು ಫುಟ್‌ಬಾಲಿನವರ ನಡುವೆ ನಾವು ಏಳು ಜನ. ಗುರುವಾರದ ವಿಷಯ ಬಂದಾಗ ಅಧ್ಯಕ್ಷರು ಕನ್ನಡಕ ಸರಿ ಮಾಡಿಕೊಂಡು, "ಹರ್ಲಿಂಗಿನ ಜವಾಬ್ದಾರಿ ಯಾರದು?" ಎಂದು ಕೇಳಿದರು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಅವರು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು, ಕೈ ತಾನಾಗಿ ಎದ್ದುಬಿಟ್ಟೀತು ಎನ್ನುವ ಹಾಗೆ.

"ನಾನು" ಎಂದೆ.

ಅಧ್ಯಕ್ಷರು ದನಿ ತಗ್ಗಿಸಿ ಕೇಳಿದರು. ನಾರ್‌ಶೋಪಿಂಗ್ ಆದ ಮೇಲೆ ಅವರಿಗೆ ನನ್ನ ಮೇಲೆ ಅಕ್ಕರೆಯಿತ್ತು, ಆದರೆ ಪ್ರಶ್ನೆ ಪ್ರಶ್ನೆಯೇ. "ನಿನ್ನ ವರ್ಕ್ ಪರ್ಮಿಟ್ ಯಾವಾಗ ಮುಗಿಯುತ್ತೆ?"

"ಮುಂದಿನ ವರ್ಷ."

"ಆಮೇಲೆ?"

ಆಮೇಲೆ ಎಂಬುದಕ್ಕೆ ನಮ್ಮಂಥವರ ಬಳಿ ಉತ್ತರ ಎಲ್ಲಿರುತ್ತದೆ? ಮೇಷ್ಟ್ರು ನೆಲ ನೋಡುತ್ತಿದ್ದರು. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಎಲ್ಸಾ ಎದ್ದು ನಿಂತಿದ್ದಳು. ಸಭೆಗಳಲ್ಲಿ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಮುಖ ಕೆಂಪಗಾಗಿತ್ತು.

"ನಾನಿದೀನಿ" ಎಂದಳು ಸ್ವೀಡಿಷ್‌ನಲ್ಲಿ. "ನಾನು ಹುಟ್ಟಿದ್ದು ಈ ಊರಲ್ಲಿ. ನಮ್ಮಮ್ಮ ಹುಟ್ಟಿದ್ದು ಈ ಊರಲ್ಲಿ. ನಾನು ಎಲ್ಲಿಗೆ ಹೋಗ್ತೀನಿ?" ಕೂರುವ ಮೊದಲು ಸೇರಿಸಿದಳು, "ಆಸ್ಪತ್ರೆಯಿಂದ ಮೂವರು ಹೊಸಬರನ್ನ ಮಾತಾಡಿಸಿದೀನಿ. ಅವರಿಗೆ ಕೋಲು ಬೇಕು."

ಇಲ್ಲಿನ ಸಭೆಗಳಲ್ಲಿ ಕೈ ಎತ್ತಿ ಎಣಿಸುವುದು ಅಪರೂಪ. ಒಪ್ಪಿಗೆಯಾದವರು ಗಟ್ಟಿಯಾಗಿ "ಯಾ" ಎನ್ನಬೇಕು, ಅಷ್ಟೇ. ಗುರುವಾರ ಹರ್ಲಿಂಗಿಗೇ ಇರಲಿ ಎಂದು ಅಧ್ಯಕ್ಷರು ಕೇಳಿದಾಗ ಫುಟ್‌ಬಾಲಿನವರ "ಯಾ" ನಮ್ಮದಕ್ಕಿಂತ ಜೋರಾಗಿತ್ತು. ಅಧ್ಯಕ್ಷರು ಮರದ ಸುತ್ತಿಗೆಯಿಂದ ಮೇಜು ಕುಟ್ಟಿದರು. ನಾನು ತಿರುಗಿ ನೋಡಿದರೆ ಮೇಷ್ಟ್ರ ಕುರ್ಚಿ ಖಾಲಿ.

ಹೊರಗೆ ಹೋದೆ. ಮಕ್ಕಳು ಕೋಟು ನೇತುಹಾಕುವ ಗೂಟಗಳ ಸಾಲಿನ ಕೆಳಗೆ, ಮಕ್ಕಳ ತಗ್ಗು ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದರು. ಅವತ್ತು ಭಾನುವಾರವಲ್ಲ. ಇವರೇ ಅಕ್ಕನಿಗೆ ಫೋನು ಮಾಡಿದ್ದರು. "ಬರ್ತೀನಿ" ಎನ್ನುತ್ತಿದ್ದರು. "ಇಲ್ಲ, ಬೇಸಿಗೆ ರಜಕ್ಕಲ್ಲ. ಬಂದೇಬಿಡ್ತೀನಿ." ಆ ಕಡೆ ಅಕ್ಕ ಏನು ಕೇಳಿದರೋ, ಇವರು ಫೋನು ಕಿವಿಗೆ ಒತ್ತಿಕೊಂಡು ಚಿಕ್ಕ ಮಕ್ಕಳ ಹಾಗೆ ಅಳುತ್ತಾ ಕೂತರು.

ಹೋಗಬೇಡಿ ಮೇಷ್ಟ್ರೇ ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಅವರು ನೆಮ್ಮದಿಯಾಗಿ ಹೋಗಲಿ ಎಂದೇ ಅಲ್ಲವೇ ನಾವೆಲ್ಲ ಅಷ್ಟು ಏಟು ತಿಂದಿದ್ದು!